ಪರಿಸರ ಬದ್ಧತೆ: ವಾರ್ಷಿಕ ವರದಿಯಲ್ಲಿಯೋ, ಲೆಕ್ಕಪುಸ್ತಕದಲ್ಲಿಯೋ?

ನಂಜನಗೂಡನ್ನು ಹಾದು ಬರುವ ಕಬಿನಿ ನದಿಯು ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಸೇರುತ್ತದೆ. ಮೇಲಿನ ಊರು ಬಿಟ್ಟ ನೀರನ್ನೇ ಕೆಳಗಿನ ಊರು ಬಳಸಬೇಕಾಗಿದೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು 2018ರಲ್ಲಿ ದೇಶಾದ್ಯಂತ ಗುರುತಿಸಿದ 351 ಕಲುಷಿತ ನದಿಭಾಗಗಳಲ್ಲಿ ಕರ್ನಾಟಕದವು 17; ನಂಜನಗೂಡಿನಿಂದ ಕೆಳಗಿನ ಕಬಿನಿಯೂ ಅವುಗಳಲ್ಲೊಂದು. ಹೊಣೆಯನ್ನೆಲ್ಲ ಕಾರ್ಖಾನೆಗಳ ಮೇಲೆ ಹೊರಿಸುವುದು ನ್ಯಾಯವಲ್ಲ. ಊರಿನ ಒಳಚರಂಡಿಯಿಂದಲೂ ನದಿ ಕೆಡುತ್ತದೆ. ಆದರೆ ಉತ್ತರ ಕೊಡಬೇಕಾದ ಸರದಿ ಬಂದಾಗ ಮೊದಲು ಕೇಳಲ್ಪಡುವವರು ಉದ್ಯಮಿಗಳೇ.

ಇಂದು ಬಹುತೇಕ ದೊಡ್ಡ ಕಂಪನಿಗಳ ವಾರ್ಷಿಕ ವರದಿಗಳಲ್ಲಿ ಪರಿಸರ ರಕ್ಷಣೆಗೆ ಕೆಲವು ಪುಟಗಳು ಮೀಸಲಾಗಿರುತ್ತವೆ. ಅವುಗಳಲ್ಲಿ ವ್ಯವಹಾರ ನೀತಿ ಎಷ್ಟು, ಅಲಂಕಾರ ಎಷ್ಟು ಎಂಬುದನ್ನು ಅಳೆಯುವುದು ಹೇಗೆ? ಸಸಿ ನೆಡುವ ಛಾಯಾಚಿತ್ರಗಳಿಂದಂತೂ ಅಲ್ಲ. 2013ರ ಕಂಪನಿ ಕಾಯ್ದೆಯ 135ನೇ ಕಲಮಿನ ವ್ಯಾಪ್ತಿಗೆ ಬರುವ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ. 2ರಷ್ಟನ್ನು ಸಾಮಾಜಿಕ ಹೊಣೆಗಾರಿಕೆಗೆ ವೆಚ್ಚ ಮಾಡಬೇಕು. ಆದರೆ ದೈನಂದಿನ ವ್ಯವಹಾರದ ಭಾಗವಾದ ಕೆಲಸಗಳನ್ನು ನಿಯಮಗಳೇ ಈ ಲೆಕ್ಕದಿಂದ ಹೊರಗಿಟ್ಟಿವೆ. ತನ್ನದೇ ತ್ಯಾಜ್ಯನೀರಿನ ಶುದ್ಧೀಕರಣಕ್ಕೆ ಮಾಡಿದ ವೆಚ್ಚ ದಾನವಲ್ಲ, ಉತ್ಪಾದನಾ ವೆಚ್ಚ. ಆದ್ದರಿಂದ ನೋಡಬೇಕಾದುದು ಬಂಡವಾಳ ವೆಚ್ಚದ ಪಟ್ಟಿ, ಕಚ್ಚಾವಸ್ತುವಿನ ಖರೀದಿ ಷರತ್ತು, ಒಂದು ಟನ್ ಸರಕಿಗೆ ಬಳಕೆಯಾದ ನೀರು ಮತ್ತು ವಿದ್ಯುತ್ತು. ಶುದ್ಧೀಕರಣ ಘಟಕವಿದ್ದೂ ಅದರ ವಿದ್ಯುತ್ ಬಳಕೆ ಉತ್ಪಾದನೆಯೊಡನೆ ಏರಿಳಿಯದಿದ್ದರೆ, ಯಂತ್ರ ಓಡುತ್ತಿದೆಯೇ ಎಂದು ಸಂಶಯಪಡಲು ಲೆಕ್ಕಪರಿಶೋಧಕನಿಗೆ ಬೇರೆ ಸಾಕ್ಷಿ ಬೇಕಿಲ್ಲ.

ನಿಸರ್ಗವೇ ಕಚ್ಚಾವಸ್ತುವಾದ ಉದ್ಯಮಗಳಲ್ಲಿ ಈ ವಿಚಾರ ಇನ್ನೂ ಸ್ಪಷ್ಟವಾಗುತ್ತದೆ. ತಿ. ನರಸೀಪುರದಲ್ಲಿ ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮದ ನೂಲು ಬಿಚ್ಚುವ ಕಾರ್ಖಾನೆಯಿದೆ. ಗೂಡನ್ನು ಬೇಯಿಸಲು ಬಿಸಿನೀರು, ಹಬೆ ಬೇಕು. ಗೂಡು ದೊರೆಯಲು ಹಿಪ್ಪುನೇರಳೆ ಬೇಕು. ನೆರೆಯ ಹೊಲದ ಕೀಟನಾಶಕವು ಸೊಪ್ಪಿನ ಮೇಲೆ ಬಿದ್ದರೂ ಹುಳು ಸಾಯುತ್ತದೆ. ಇಲ್ಲಿ ನೀರು, ಮಣ್ಣುಗಳ ಕಾಳಜಿಯನ್ನು ಖರೀದಿ ವಿಭಾಗವೇ ವಹಿಸಬೇಕಾಗುತ್ತದೆ. ಪ್ರಚಾರ ವಿಭಾಗಕ್ಕೆ ಬಿಟ್ಟರೆ ಗೂಡು ಬಾರದು.

ಸಣ್ಣ ಉದ್ಯಮಿಗಳಿಗೆ ಇದರ ಬಿಸಿ ತಟ್ಟುವುದು ಬೇರೊಂದು ದಾರಿಯಿಂದ. ಷೇರುಪೇಟೆಯ ಮೊದಲ ಸಾವಿರ ಕಂಪನಿಗಳು ವ್ಯವಹಾರ ಹೊಣೆಗಾರಿಕೆ ಮತ್ತು ಸುಸ್ಥಿರತಾ ವರದಿಯನ್ನು ಸಲ್ಲಿಸುವುದನ್ನು ಸೆಬಿಯು 2022-23ರಿಂದ ಕಡ್ಡಾಯಗೊಳಿಸಿತು. ಮೊದಲ 250 ಕಂಪನಿಗಳು ತಮ್ಮ ಪೂರೈಕೆದಾರರ ವಿವರವನ್ನೂ ಕೊಡುವ ವ್ಯವಸ್ಥೆಯನ್ನು 2025-26ರಿಂದ ಐಚ್ಛಿಕವಾಗಿ ತಂದಿದೆ. ಕಂಪನಿಯ ಒಟ್ಟು ಖರೀದಿಯಲ್ಲಿ ಶೇ. 2 ಅಥವಾ ಅದಕ್ಕಿಂತ ಹೆಚ್ಚು ಪಾಲುಳ್ಳವರು ಮಾತ್ರ ಇದರೊಳಗೆ ಬರುತ್ತಾರೆ. ಉದಾಹರಣೆಗೆ, ವಾರ್ಷಿಕ ಖರೀದಿ 500 ಕೋಟಿ ರೂ. ಇರುವ ಕಂಪನಿಯೊಂದರಲ್ಲಿ 10 ಕೋಟಿ ರೂ.ಗಿಂತ ಕಡಿಮೆ ಸರಕು ಕೊಡುವವರು ನಿಯಮದ ಪ್ರಕಾರ ಹೊರಗೇ ಉಳಿಯುತ್ತಾರೆ.

ಇಷ್ಟಕ್ಕೇ ನಿಶ್ಚಿಂತರಾಗುವುದು ಜಾಣತನವಲ್ಲ. 1989ರಲ್ಲಿ ನಂಜನಗೂಡಿನಲ್ಲಿ ಕಾರ್ಖಾನೆ ತೆರೆದ ನೆಸ್ಲೆಯಂತಹ ಪಟ್ಟಿಯಾದ ಕಂಪನಿಗಳಿಗೆ ರಟ್ಟಿನ ಪೆಟ್ಟಿಗೆ, ಬಿಡಿಭಾಗ, ಸಾಗಣೆ ಒದಗಿಸುವವರು ಯಾವ ಖರೀದಿದಾರನಿಂದಲಾದರೂ ಪ್ರಶ್ನಾವಳಿಯನ್ನು ನಿರೀಕ್ಷಿಸಬಹುದು. ಉತ್ತರವಿಲ್ಲದ ಘಟಕಕ್ಕಿಂತ ಉತ್ತರವಿರುವ ಘಟಕಕ್ಕೆ ಆರ್ಡರು ಹೋದರೆ ಯಾವ ಕಾನೂನೂ ಅಡ್ಡ ಬಾರದು.

ಸಿದ್ಧತೆಗೆ ದೊಡ್ಡ ಸಲಹೆಗಾರರ ಅಗತ್ಯವಿಲ್ಲ. ವಿದ್ಯುತ್ತು, ಡೀಸೆಲ್, ನೀರು, ತ್ಯಾಜ್ಯ ವಿಲೇವಾರಿಗಳಿಗೆ ಬೇರೆ ಬೇರೆ ಖಾತೆ ತೆರೆದು, ಹಣದ ಜೊತೆಗೆ ಯೂನಿಟ್ಟು, ಲೀಟರು, ಕಿಲೋಗಳನ್ನೂ ಬರೆಯುತ್ತಾ ಬಂದರೆ ಒಂದು ವರ್ಷದಲ್ಲಿ ಹೋಲಿಕೆಗೆ ಆಧಾರ ದೊರೆಯುತ್ತದೆ. ಅಪಾಯಕಾರಿ ತ್ಯಾಜ್ಯವನ್ನು ಅಧಿಕೃತ ಸಂಸ್ಥೆಗೇ ಕೊಟ್ಟು ರಸೀದಿಯನ್ನು ಕಾಪಾಡಿಕೊಳ್ಳಬೇಕು. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿಪತ್ರದ ಅವಧಿ ಮುಗಿಯುವ ದಿನವನ್ನು ತೆರಿಗೆ ಪಾವತಿಯ ದಿನಗಳ ಪಕ್ಕದಲ್ಲೇ ಗುರುತಿಸಿಕೊಳ್ಳುವುದು ಒಳಿತು. ಕಾನೂನು ಮುರಿದುದಕ್ಕೆ ತೆತ್ತ ದಂಡವನ್ನು ಆದಾಯ ತೆರಿಗೆಯ ಲೆಕ್ಕದಲ್ಲಿ ವೆಚ್ಚವೆಂದು ಕಳೆಯಲು ಅವಕಾಶವಿಲ್ಲ. ಶುದ್ಧೀಕರಣ ಘಟಕದ ದುರಸ್ತಿಗೆ ಮಾಡಿದ ವೆಚ್ಚಕ್ಕೆ ಅವಕಾಶವಿದೆ.