ಮೊಸರಿನ ಕಪ್ಪಿನಿಂದ ಹುಟ್ಟಿದ ಬಳೆ

18 ಗ್ರಾಂ ಕಾಫಿ ಬೀಜ ಅಂಗೈಯಲ್ಲಿ ಹಿಡಿಯುವಷ್ಟೇ. ಅದೇ ಬೀಜ ಎಸ್ಪ್ರೆಸೊಗೆ ಬೇಕಾದಷ್ಟು ನುಣ್ಣಗೆ ಪುಡಿಯಾದೊಡನೆ ಹಿಗ್ಗುತ್ತದೆ, ಹಗುರಾಗುತ್ತದೆ, ಹಾರುತ್ತದೆ. ಗ್ರೈಂಡರಿನ ಬಾಯಿಂದ ಬಿದ್ದ ಪುಡಿ, ಯಂತ್ರಕ್ಕೆ ಸಿಕ್ಕಿಸುವ ಹಿಡಿಕೆಯಾದ ಪೋರ್ಟಾಫಿಲ್ಟರಿನ ಪುಟ್ಟ ತೂತುತಳದ ಬ್ಯಾಸ್ಕೆಟ್ಟಿನಲ್ಲಿ ರಾಶಿಯಾಗಿ, ಅಂಚು ಮೀರಿ ಗೋಪುರ ಕಟ್ಟುತ್ತದೆ. ಮೆಲ್ಲಗೆ ತಟ್ಟಿದರೆ ಒಂದು ಬದಿ ಜರಿದು ಅಡುಗೆಕಟ್ಟೆಗೆ ಸುರಿಯುತ್ತದೆ; ತಟ್ಟದೆ ಬಿಟ್ಟರೆ ಟ್ಯಾಂಪರ್ ಇಟ್ಟು ಅದುಮುವಾಗ ಸುರಿಯುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಕಂದು ಕಲೆ, ಒಣ ಬಟ್ಟೆಯಲ್ಲಿ ಒರೆಸಿದರೆ ಕಟ್ಟೆಯ ಉದ್ದಕ್ಕೂ ಪುಡಿ. ಮನೆಯಲ್ಲಿ ಎಸ್ಪ್ರೆಸೊ ಯಂತ್ರ ಇಟ್ಟುಕೊಂಡ ಯಾರಿಗೂ ಈ ದೃಶ್ಯ ಹೊಸದಲ್ಲ.

ಇದಕ್ಕೆ ಸಿಕ್ಕಿರುವ ಮದ್ದು ತೀರ ಸರಳ. ಬ್ಯಾಸ್ಕೆಟ್ಟಿನ ಅಂಚಿನ ಮೇಲೆ ಕೂರುವ ಒಂದು ಲೋಹದ ಬಳೆ. ಕಾಫಿಪ್ರಿಯರು ಅದನ್ನು ಡೋಸಿಂಗ್ ಫನೆಲ್ ಎನ್ನುತ್ತಾರೆ. ಫನೆಲ್ ಎಂದರೆ ಆಲಿಕೆ ನಿಜ, ಆದರೆ ಸೀಮೆಎಣ್ಣೆ ಸುರಿಯಲು ಬಳಸುತ್ತಿದ್ದ ಆಲಿಕೆಯ ಸಪೂರ ಬಾಲ ಇದಕ್ಕಿಲ್ಲ. ಮೇಲೆ ತುಸು ಅಗಲ, ಕೆಳಗೆ ಬ್ಯಾಸ್ಕೆಟ್ಟಿನಷ್ಟೇ ಅಗಲ. ಪುಡಿಯನ್ನು ಕಿರಿದಾದ ದಾರಿಯಲ್ಲಿ ಇಳಿಸುವುದು ಇದರ ಕೆಲಸವಲ್ಲ. ಬ್ಯಾಸ್ಕೆಟ್ಟಿನ ಗೋಡೆಯನ್ನು ಸ್ವಲ್ಪ ಹೊತ್ತಿನ ಮಟ್ಟಿಗೆ ಎತ್ತರಿಸುವುದು. ಇಷ್ಟು ಸುಲಭದ ವಸ್ತು ಎಸ್ಪ್ರೆಸೊ ಹುಟ್ಟಿ ನೂರು ವರ್ಷ ಕಳೆದ ಮೇಲೆ ಬಳಕೆಗೆ ಬಂದದ್ದು ಏಕೆ ಎಂಬುದೇ ಇದರ ಕಥೆ.

ಟ್ಯೂರಿನ್ನಿನ ಆಂಜೆಲೊ ಮೊರಿಯೊಂಡೊ 1884ರಲ್ಲಿ ಹಬೆಯಿಂದ ಕಾಫಿ ಇಳಿಸುವ ಯಂತ್ರಕ್ಕೆ ಪೇಟೆಂಟ್ ಪಡೆದ. ಮಿಲಾನ್‌ನ ಲುಯಿಜಿ ಬೆಝೆರಾ 1901ರಲ್ಲಿ ಒಂದೊಂದೇ ಕಪ್ ಕಾಫಿಯನ್ನು ಗಿರಾಕಿಯ ಎದುರಿಗೇ ಇಳಿಸಿಕೊಡುವ ಯಂತ್ರ ರೂಪಿಸಿದ. ಹಿಡಿಕೆಯುಳ್ಳ ಪೋರ್ಟಾಫಿಲ್ಟರ್ ಬಳಕೆಗೆ ಬಂದದ್ದು ಅವನ ಯಂತ್ರದಿಂದ. ಬೆಝೆರಾನ ಪೇಟೆಂಟನ್ನು ಕೊಂಡ ದೆಸಿದೇರಿಯೊ ಪಾವೋನಿ ಯಂತ್ರವನ್ನು ಮಾರುಕಟ್ಟೆಗೆ ತಂದ. ಹಬೆಯ ಒತ್ತಡ ಕಡಿಮೆಯಾಗಿದ್ದ ಆ ಕಾಲದ ಕಾಫಿ ಇಂದಿನ ಎಸ್ಪ್ರೆಸೊಗಿಂತ ತೆಳು. ಎರಡನೆಯ ಮಹಾಯುದ್ಧದ ಬಳಿಕ ಅಕಿಲ್ಲೆ ಗಾಜಿಯಾನ ಸನ್ನೆ ಯಂತ್ರಗಳು ಸ್ಪ್ರಿಂಗಿನ ಬಲದಿಂದ ನೀರನ್ನು ತಳ್ಳತೊಡಗಿದವು; ಕಪ್ಪಿನ ಮೇಲೆ ಕ್ರೆಮಾ ಎಂಬ ಹೊಂಬಣ್ಣದ ನೊರೆ ಕಾಣಿಸಿಕೊಂಡಿತು. 1961ರಲ್ಲಿ ಫಾಯೆಮಾ ಕಂಪನಿಯ ಇ61 ಬಂದು, ಒತ್ತಡ ಹಾಕುವ ಕೆಲಸವನ್ನು ವಿದ್ಯುತ್ ಪಂಪಿಗೆ ವಹಿಸಿತು. 9 ಬಾರ್ ಒತ್ತಡ ಮತ್ತು 58 ಮಿಲಿಮೀಟರ್ ಅಗಲದ ಬ್ಯಾಸ್ಕೆಟ್, ಇಂದಿಗೂ ಬಹುಪಾಲು ಕೆಫೆ ಯಂತ್ರಗಳ ಅಳತೆ ಇದೇ.

ಇಷ್ಟೆಲ್ಲ ಬದಲಾದರೂ ಇಟಲಿಯ ಕಾಫಿ ಬಾರುಗಳಿಗೆ ಆಲಿಕೆಯ ನೆನಪೇ ಆಗಲಿಲ್ಲ. ಕಾರಣ ಅಳತೆಯಲ್ಲಿದೆ. ಅಲ್ಲಿ ಒಂದು ಎಸ್ಪ್ರೆಸೊಗೆ 7 ಗ್ರಾಂ ಪುಡಿ, ಎರಡಕ್ಕೆ 14. ಗ್ರೈಂಡರಿನ ಮುಂಭಾಗದಲ್ಲಿ ಡೋಸರ್ ಎಂಬ ಡಬ್ಬಿ, ಅದರೊಳಗೆ ನಕ್ಷತ್ರದಾಕಾರದ ತಿರುಗುವ ಅರೆಗಳು. ಸನ್ನೆಯನ್ನು ಒಮ್ಮೆ ಎಳೆದರೆ ಒಂದು ಅರೆಯಷ್ಟು ಪುಡಿ ನೇರ ಬ್ಯಾಸ್ಕೆಟ್ಟಿಗೆ. 14 ಗ್ರಾಮಿನ ರಾಶಿ ಅಂಚಿನೊಳಗೇ ಕೂರುತ್ತಿತ್ತು. ಅಷ್ಟಿಷ್ಟು ಚೆಲ್ಲಿದರೂ ಕೆಳಗಿನ ತಟ್ಟೆಗೆ ಬೀಳುತ್ತಿತ್ತು; ದಿನಕ್ಕೆ ಕಿಲೋಗಟ್ಟಲೆ ಬೀಜ ಅರೆಯುವ ಅಂಗಡಿಯಲ್ಲಿ ಅದನ್ನು ಎಣಿಸುವವರಾರು? ಪಕ್ಕದಲ್ಲೊಂದು ಬ್ರಷ್ ಇದ್ದರೆ ಮುಗಿಯಿತು.

ಅಟ್ಲಾಂಟಿಕ್ ದಾಟಿದ ಎಸ್ಪ್ರೆಸೊ ಅಮೆರಿಕದಲ್ಲಿ ದೊಡ್ಡದಾಯಿತು. 1988ರಲ್ಲಿ ಸಿಯಾಟಲ್‌ನಲ್ಲಿ ಎಸ್ಪ್ರೆಸೊ ವಿವಾಚೆ ಆರಂಭಿಸಿದ ಡೇವಿಡ್ ಶೋಮರ್‌ರಂಥವರು ಪುಡಿಯ ಹಂಚಿಕೆ, ಅದುಮುವಿಕೆ, ನೀರಿನ ಉಷ್ಣತೆಗಳನ್ನು ಪ್ರಯೋಗಶಾಲೆಯ ಶಿಸ್ತಿನಿಂದ ನೋಡತೊಡಗಿದರು. ಕ್ರಮೇಣ ಹೊಸ ಪೀಳಿಗೆಯ ಕೆಫೆಗಳಲ್ಲಿ ಡಬಲ್ ಶಾಟ್, ಅಂದರೆ ಎರಡು ಎಸ್ಪ್ರೆಸೊಗಳ ಅಳತೆ, 18, 20 ಗ್ರಾಮಿಗೆ ಏರಿತು. ಬ್ಯಾಸ್ಕೆಟ್ಟಿನ ಅಗಲ ಮಾತ್ರ ಅದೇ 58. ಪುಡಿ ಅಂಚು ಮೀರಿದ್ದು ಆಗಲೇ. ಆ ಗುಡ್ಡೆಯನ್ನು ಬೆರಳಿನಿಂದ ಸವರಿ ಮಟ್ಟ ಮಾಡುವ ಬಗೆಬಗೆಯ ಕೈಚಳಕಗಳು ಹುಟ್ಟಿದವು. ಅದರಲ್ಲೊಂದಕ್ಕೆ ಓಸ್ಲೋದ ಸ್ಟಾಕ್‌ಫ್ಲೆತ್ಸ್ ಕೆಫೆಯ ಹೆಸರೇ ನಿಂತಿದೆ. 2000ದಲ್ಲಿ ಮಾಂಟೆ ಕಾರ್ಲೊದಲ್ಲಿ ಶುರುವಾದ, ಬರಿಸ್ತಾಗಳೆಂಬ ಎಸ್ಪ್ರೆಸೊ ತಯಾರಕರ ವಿಶ್ವ ಸ್ಪರ್ಧೆಯ ಅಂಕಪಟ್ಟಿಯಲ್ಲಿ ಪುಡಿ ತುಂಬುವಾಗ ಎಷ್ಟು ಚೆಲ್ಲಿತು ಎಂಬುದಕ್ಕೂ ಒಂದು ಸಾಲು ಸೇರಿತು. ಚೊಕ್ಕಟ ಎಂಬುದು ಕೌಶಲದ ಭಾಗವಾಯಿತು.

ಮನೆಯವರ ಪಾಡೇ ಬೇರೆ. ಅವರಿಗೆ ಕೆಫೆಯ ಭಾರಿ ಗ್ರೈಂಡರ್ ಇಲ್ಲ, ದಿನಕ್ಕೆ ನೂರು ಶಾಟ್ ಎಳೆದು ಪಳಗಿದ ಬೆರಳೂ ಇಲ್ಲ. ಚಿಕ್ಕ ಗ್ರೈಂಡರುಗಳಿಂದ ಬರುತ್ತಿದ್ದ ಪುಡಿ ಗಂಟುಗಂಟು. ರಾಗಿಮುದ್ದೆಯಲ್ಲಿ ಗಂಟು ಉಳಿದರೆ ಬಾಯಿಗೆ ಸಿಗುತ್ತದೆ, ಅಷ್ಟೆ. ಎಸ್ಪ್ರೆಸೊದಲ್ಲಿ ಗಂಟು ಉಳಿದರೆ ಇಡೀ ಕಪ್ ಕೆಡುತ್ತದೆ. 9 ಬಾರ್ ಎಂದರೆ ವಾತಾವರಣದ ಒತ್ತಡದ ಸುಮಾರು ಒಂಬತ್ತು ಪಟ್ಟು. ಅಷ್ಟು ರಭಸದಲ್ಲಿ ಬರುವ ನೀರು ಗಟ್ಟಿ ಜಾಗವನ್ನು ಬಿಟ್ಟು ಸಡಿಲ ಜಾಗವನ್ನೇ ಹುಡುಕುತ್ತದೆ. ಗದ್ದೆಯ ಬದುವಿನಲ್ಲಿ ಏಡಿ ಕೊರೆದ ಒಂದೇ ತೂತು ಸಾಕು, ನೀರೆಲ್ಲ ಅಲ್ಲಿಂದಲೇ ನುಗ್ಗುತ್ತದೆ. ಇಲ್ಲೂ ಹಾಗೆಯೇ. ತೂತಿನ ಸುತ್ತಲಿನ ಪುಡಿಯಿಂದ ಸಾರವೆಲ್ಲ ಬಸಿದು ಕಹಿ ಬರುತ್ತದೆ, ಉಳಿದ ಪುಡಿ ನೆಟ್ಟಗೆ ನೆನೆಯದೆ ಹುಳಿಯಾಗುತ್ತದೆ. ತಳವಿಲ್ಲದ ಪೋರ್ಟಾಫಿಲ್ಟರುಗಳು ಬಳಕೆಗೆ ಬಂದ ಮೇಲೆ ಈ ದೋಷ ಕಣ್ಣಿಗೇ ಕಾಣತೊಡಗಿತು. ಬ್ಯಾಸ್ಕೆಟ್ಟಿನ ತಳದಿಂದ ಕಾಫಿ ಎಳೆಯಾಗಿ ಇಳಿಯುವ ಬದಲು ಪಿಚಕಾರಿಯಂತೆ ಗೋಡೆಗೆ ಚಿಮ್ಮುತ್ತಿತ್ತು.

2005ರಲ್ಲಿ ಜಾನ್ ವೈಸ್ ಎಂಬ ಹವ್ಯಾಸಿ ಇದಕ್ಕೊಂದು ಉಪಾಯ ಹೇಳಿದರು. ತೆಳುವಾದ ಸೂಜಿಯಿಂದ ಬ್ಯಾಸ್ಕೆಟ್ಟಿನಲ್ಲಿರುವ ಪುಡಿಯನ್ನು ತಳದವರೆಗೂ ಕಲಕಿ, ಗಂಟು ಒಡೆದು, ಆಮೇಲೆ ಅದುಮುವುದು. ಅಂಚು ಮೀರಿ ನಿಂತ ಪುಡಿಯನ್ನು ಕಲಕಿದರೆ ಅರ್ಧ ಹೊರಗೆ ಬೀಳುತ್ತದಲ್ಲ? ಅದಕ್ಕೆ ವೈಸ್ ಬಳಸಿದ್ದು ಮೊಸರಿನ ಸಣ್ಣ ಪ್ಲಾಸ್ಟಿಕ್ ಕಪ್. ತಳ ಕತ್ತರಿಸಿ ತೆಗೆದ ಆ ಕಪ್ಪನ್ನು ಬ್ಯಾಸ್ಕೆಟ್ಟಿಗೆ ಸಿಕ್ಕಿಸಿದರೆ ಸುತ್ತ ಗೋಡೆ ಸಿದ್ಧ. ಈ ಕ್ರಮಕ್ಕೆ ವೈಸ್ ಡಿಸ್ಟ್ರಿಬ್ಯೂಷನ್ ಟೆಕ್ನಿಕ್ ಎಂಬ ಹೆಸರು ಬಂತು. ಇಂದು ಜಗತ್ತಿನ ಕಾಫಿಪ್ರಿಯರು ಅದನ್ನು ಡಬ್ಲ್ಯುಡಿಟಿ ಎಂದೇ ಕರೆಯುತ್ತಾರೆ.

ಹೆಸರು ಪಡೆದದ್ದು ಸೂಜಿ. ಆದರೆ ಸೂಜಿ ಕೆಲಸ ಮಾಡಲು ಜಾಗ ಮಾಡಿಕೊಟ್ಟದ್ದು ಆ ಕಪ್. ಕಟ್ಟೆ ಗಲೀಜಾಗದಂತೆ ತಡೆದ ಗೋಡೆಯೇ, ಕೈ ಹೆದರದೆ ಕಲಕುವಂತೆಯೂ ಮಾಡಿತು.

ಮೊಸರಿನ ಕಪ್ ಬಹುಕಾಲ ಉಳಿಯಲಿಲ್ಲ. ಲೇತಿನಲ್ಲಿ ಕಡೆದ ಅಲ್ಯೂಮಿನಿಯಂ, ಸ್ಟೇನ್‌ಲೆಸ್ ಸ್ಟೀಲ್ ಬಳೆಗಳು ಬಂದವು. ತ್ರೀಡಿ ಪ್ರಿಂಟರ್ ಇದ್ದವರು ತಮ್ಮ ಯಂತ್ರದ ಅಳತೆಗೆ ತಾವೇ ಅಚ್ಚು ತೆಗೆದುಕೊಂಡರು. ಅದೇ ಕೈಗಳು ವೈನ್ ಬಾಟಲಿಯ ಬೆಂಡಿಗೆ ಅಕ್ಯುಪಂಕ್ಚರ್ ಸೂಜಿಗಳನ್ನು ಚುಚ್ಚಿ ಕಲಕುವ ಸಾಧನವನ್ನೂ ಮಾಡಿಕೊಂಡವು. ಅಳತೆಗಳು ಬೇರೆಬೇರೆಯಾಗಿರುವುದರಿಂದ ಇಂಥ ಸ್ವಂತ ತಯಾರಿಕೆಗೆ ಅರ್ಥವಿತ್ತು. ಗಾಜಿಯಾ ಕ್ಲಾಸಿಕ್‌ನ ಬ್ಯಾಸ್ಕೆಟ್ 58 ಮಿಲಿಮೀಟರ್, ಬ್ರೆವಿಲ್ ಕಂಪನಿಯ ಬರಿಸ್ತಾ ಎಕ್ಸ್‌ಪ್ರೆಸ್‌ನದು 54; ಇನ್ನು ಕೆಲವು ಯಂತ್ರಗಳದು 51. ಒಂದರ ಬಳೆ ಇನ್ನೊಂದಕ್ಕೆ ಕೂರದು.

ಅಂಗಡಿಯಲ್ಲಿ ಸಿಗುವ ಫನೆಲ್‌ಗಳಲ್ಲೂ ಎರಡು ಪಂಗಡ. ಒಂದು, ಬ್ಯಾಸ್ಕೆಟ್ಟಿನ ಅಂಚಿನ ಹೊರಗೆ ಟೋಪಿಯಂತೆ ಕೂರುವುದು. ಒಳಗೆ ತಡೆಯಿಲ್ಲದ ಕಾರಣ ಸೂಜಿ ಗೋಡೆಯವರೆಗೂ ಸಲೀಸಾಗಿ ಓಡಾಡುತ್ತದೆ, ಆದರೆ ಸಂದಿನಲ್ಲಿ ಒಂದಿಷ್ಟು ಪುಡಿ ಅಂಚಿನ ಮೇಲೆ ಉಳಿಯಬಹುದು. ಇನ್ನೊಂದು, ಒಳಗಡೆಗೆ ತುಸು ಇಳಿಯುವುದು. ಇದರಲ್ಲಿ ಅಂಚು ಸ್ವಚ್ಛ, ಆದರೆ ಬಳೆಯ ತುದಿಯ ಕೆಳಗೆ ಸೂಜಿ ತಲುಪದ ಸಣ್ಣ ವಲಯ ಉಳಿಯುತ್ತದೆ. ಕೆಲವಕ್ಕೆ ಆಯಸ್ಕಾಂತವಿದ್ದು ಬ್ಯಾಸ್ಕೆಟ್ಟಿನ ಉಕ್ಕನ್ನು ಹಿಡಿದುಕೊಳ್ಳುತ್ತವೆ, ತಟ್ಟಿದರೂ ಜಾರುವುದಿಲ್ಲ. ಎತ್ತರದ್ದೂ ಒಂದು ಲೆಕ್ಕ. ಗಿಡ್ಡವಾದರೆ ಪುಡಿ ಹಾರುತ್ತದೆ, ಉದ್ದವಾದರೆ ಪೋರ್ಟಾಫಿಲ್ಟರ್ ಗ್ರೈಂಡರಿನ ಬಾಯಡಿ ಹಿಡಿಯುವುದಿಲ್ಲ. ಕೊಳ್ಳುವ ಮೊದಲು ಅಳತೆಪಟ್ಟಿ ಹಿಡಿದು ಆ ಅಂತರ ನೋಡಿಕೊಳ್ಳುವುದು ಒಳ್ಳೆಯದು.

ಇದೇ ಹೊತ್ತಿಗೆ ತೂಗುವ ಪದ್ಧತಿಯೂ ಬದಲಾಗುತ್ತಿತ್ತು. 2013ರ ವಿಶ್ವ ಬರಿಸ್ತಾ ಸ್ಪರ್ಧೆಯಲ್ಲಿ ಆಸ್ಟ್ರೇಲಿಯಾದ ಮ್ಯಾಟ್ ಪರ್ಗರ್, ಅಂಗಡಿಗಳಲ್ಲಿ ಕಾಫಿ ಪುಡಿ ಮಾಡಿಕೊಡಲು ಇಟ್ಟಿರುತ್ತಿದ್ದ ಇಕೆ43 ಗ್ರೈಂಡರನ್ನು ಎಸ್ಪ್ರೆಸೊಗೆ ಬಳಸಿ ಎರಡನೆಯ ಸ್ಥಾನ ಪಡೆದರು. ಒಂದು ಕಪ್ಪಿಗೆ ಬೇಕಾದಷ್ಟೇ ಬೀಜ ತೂಗಿ, ಅಷ್ಟನ್ನೇ ಅರೆಯುವ ಕ್ರಮ ಆನಂತರ ಮನೆಮನೆಗೆ ಹಬ್ಬಿತು. 2017ರಲ್ಲಿ ಜನರಿಂದ ಮುಂಗಡ ಸಂಗ್ರಹಿಸಿ ಬಂದ ಬ್ರಿಟನ್ನಿನ ನಿಷ್ ಝೀರೊ ಗ್ರೈಂಡರ್ ಈ ಕ್ರಮಕ್ಕೆಂದೇ ರೂಪುಗೊಂಡದ್ದು. ಅದರ ಜೊತೆಗಿನ ಲೋಹದ ಕಪ್ಪಿನಲ್ಲಿ ಪುಡಿ ಹಿಡಿದು, ಪೋರ್ಟಾಫಿಲ್ಟರನ್ನು ಬೋರಲಾಗಿ ಮೇಲಿಟ್ಟು ತಿರುಗಿಸಿದರೆ ಆಯಿತು. ಇದು ಫನೆಲ್ಲಿನ ಕೆಲಸವನ್ನು ಇನ್ನೊಂದು ದಾರಿಯಲ್ಲಿ ಮಾಡುತ್ತದೆ. ಆದರೂ ಕಲಕುವ ಹೊತ್ತಿಗೆ ಬಳೆ ಬೇಕೇ ಬೇಕು.

ಹೀಗೆ ತೂಗಿದ ಮೇಲೆ ಚೆಲ್ಲಿದ ಪುಡಿಗೂ ಬೆಲೆ ಬಂತು. 18 ಗ್ರಾಂ ಪುಡಿಯಿಂದ 36 ಗ್ರಾಂ ಎಸ್ಪ್ರೆಸೊ ಎಂಬ ಲೆಕ್ಕ ಇಟ್ಟುಕೊಂಡವರ ಕಟ್ಟೆಯ ಮೇಲೆ 1 ಗ್ರಾಂ ಬಿದ್ದರೆ, ಬ್ಯಾಸ್ಕೆಟ್ಟಿನಲ್ಲಿರುವುದು 17. ನೀರು ಬೇಗ ಹರಿಯುತ್ತದೆ, ರುಚಿ ತೆಳುವಾಗುತ್ತದೆ. ನಿನ್ನೆಯ ಕಾಫಿ ಚೆನ್ನಾಗಿತ್ತು, ಇವತ್ತಿನದೇಕೆ ಹೀಗೆ ಎಂದು ಗ್ರೈಂಡರಿನ ತಿರುಗಣಿಯನ್ನು ಸುಮ್ಮನೆ ತಿರುವುವಂತಾಗುತ್ತದೆ.

ಪುಡಿ ಹಾರುವುದಕ್ಕೆ ಸ್ಥಾಯಿ ವಿದ್ಯುತ್ತೂ ಕಾರಣ. ಬೀಜ ಒಡೆಯುವಾಗ, ಉಜ್ಜುವಾಗ ಕಣಗಳಿಗೆ ವಿದ್ಯುದಾವೇಶ ಬರುತ್ತದೆ. ಒರೆಗಾನ್ ವಿಶ್ವವಿದ್ಯಾಲಯದ ರಸಾಯನವಿಜ್ಞಾನಿ ಕ್ರಿಸ್ಟೊಫರ್ ಹೆಂಡನ್, ಜ್ವಾಲಾಮುಖಿಯ ಬೂದಿಯಲ್ಲಿ ಮಿಂಚು ಹುಟ್ಟುವ ಬಗೆಯನ್ನು ಅಧ್ಯಯನ ಮಾಡುವವರ ಜೊತೆಗೂಡಿ ಇದನ್ನು ಅಳೆದರು. 2023ರ ಕೊನೆಯಲ್ಲಿ ಪ್ರಕಟವಾದ ಅವರ ಪ್ರಬಂಧದ ಪ್ರಕಾರ, ಅರೆಯುವ ಮೊದಲು ಬೀಜಕ್ಕೆ ಸ್ವಲ್ಪ ನೀರು ಸೇರಿಸಿದರೆ ಆವೇಶ ತಗ್ಗುತ್ತದೆ, ಗಂಟುಗಳೂ ಕಡಿಮೆ. ಮನೆ ಬರಿಸ್ತಾಗಳು ಇದನ್ನು ಮುಂಚಿನಿಂದಲೇ ಮಾಡುತ್ತಿದ್ದರು. ಒದ್ದೆ ಚಮಚದ ಹಿಡಿಯನ್ನು ಬೀಜದಲ್ಲಿ ಆಡಿಸುವುದು, ಸಣ್ಣ ಸ್ಪ್ರೇಯಿಂದ ಒಮ್ಮೆ ಚಿಮುಕಿಸುವುದು ಅವರ ರೂಢಿ. ನೀರು ಚಿಮುಕಿಸಿದ ಬೀಜ, ಮೇಲೊಂದು ಲೋಹದ ಬಳೆ: ಇವೆರಡು ಸೇರಿದರೆ ಕಟ್ಟೆಯ ಮೇಲೆ ಬೀಳುವುದು ಬೆರಳಲ್ಲಿ ಒತ್ತಿ ಎತ್ತುವಷ್ಟು ಮಾತ್ರ.

ಯಂತ್ರದ ಆರೋಗ್ಯಕ್ಕೂ ಈ ಬಳೆ ಒಳ್ಳೆಯದು. ಪ್ರೆಶರ್ ಕುಕ್ಕರಿನ ಗ್ಯಾಸ್ಕೆಟ್ಟಿಗೆ ಅನ್ನದ ಅಗುಳು ಸಿಕ್ಕಿಕೊಂಡರೆ ಹಬೆ ಸೋರುವುದು ಗೊತ್ತಿರುವ ವಿಷಯ. ಎಸ್ಪ್ರೆಸೊ ಯಂತ್ರದಲ್ಲೂ ಅಂಥದೇ ರಬ್ಬರ್ ಗ್ಯಾಸ್ಕೆಟ್ ಇದೆ. ಬ್ಯಾಸ್ಕೆಟ್ಟಿನ ಅಂಚು ಅದಕ್ಕೆ ಬಿಗಿಯಾಗಿ ಒತ್ತಬೇಕು. ಅಂಚಿನಲ್ಲಿ ಪುಡಿ ಉಳಿದರೆ ಅದು ಅಲ್ಲೇ ಬೆಂದು ಗಟ್ಟಿಯಾಗಿ, ಪೋರ್ಟಾಫಿಲ್ಟರಿನ ಪಕ್ಕದಿಂದ ಬಿಸಿನೀರು ತೊಟ್ಟಿಕ್ಕುತ್ತದೆ.

ಕನ್ನಡದ ಮನೆಗಳಲ್ಲಿ ಈ ತಾಪತ್ರಯ ಏಕಿರಲಿಲ್ಲ ಎಂಬುದಕ್ಕೆ ಉತ್ತರ ಸ್ಟೀಲ್ ಫಿಲ್ಟರಿನ ಆಕಾರದಲ್ಲೇ ಇದೆ. ತೂತಿನ ತಳವಿರುವ ಮೇಲಿನ ಪಾತ್ರೆ ಆಳವಾದದ್ದು. ಪುಡಿ ತಳದಲ್ಲಿ ಕೂರುತ್ತದೆ, ಮೇಲೆ ನೀರಿಗೆ ಜಾಗ. ಗೋಡೆ ಅದಕ್ಕೆ ಹುಟ್ಟಿನಿಂದಲೇ ಇದೆ. ಎಸ್ಪ್ರೆಸೊ ಬ್ಯಾಸ್ಕೆಟ್ಟಿಗೆ ನೀರು ಬರುವುದು ಯಂತ್ರದಿಂದ, ಹಾಗಾಗಿ ಅದು ಗಿಡ್ಡ. ಕೊಡಗು, ಚಿಕ್ಕಮಗಳೂರು, ಹಾಸನಗಳ ಬೀಜಕ್ಕಂತೂ ಎರಡು ಲೋಕವೂ ಪರಿಚಿತ. ಭಾರತದ ಕಾಫಿಯಲ್ಲಿ ಸುಮಾರು ಶೇ 70ರಷ್ಟು ಬೆಳೆಯುವುದು ಕರ್ನಾಟಕದಲ್ಲಿ, ಆ ಕಾಫಿಯನ್ನು ಕೊಳ್ಳುವವರಲ್ಲಿ ಇಟಲಿ ಮುಂಚೂಣಿಯಲ್ಲಿದೆ. ಇಲ್ಲಿನ ರೊಬಸ್ಟಾ ಅಲ್ಲಿನ ಮಿಶ್ರಣಗಳಿಗೆ ಗಟ್ಟಿತನ ಮತ್ತು ಕ್ರೆಮಾ ಕೊಡುತ್ತದೆ. ಈಗ ಬೆಂಗಳೂರಿನ ಅಡುಗೆಮನೆಗಳಲ್ಲೂ ಫಿಲ್ಟರಿನ ಪಕ್ಕದಲ್ಲಿ ಪುಟ್ಟ ಎಸ್ಪ್ರೆಸೊ ಯಂತ್ರ ಕಾಣಸಿಗುತ್ತದೆ, ಅದರ ಬದಿಯಲ್ಲಿ ಒಂದು ತಕ್ಕಡಿ, ಒಂದು ಸೂಜಿ, ಒಂದು ಬಳೆ.

ಅಲ್ಲಿನ ಬೆಳಗಿನ ಕೆಲಸ ಒಂದು ನಿಮಿಷದ್ದು. ಬೀಜ ತೂಗಿ, ಬಳೆ ಸಿಕ್ಕಿಸಿ, ಪುಡಿ ಹಿಡಿದು, ಸೂಜಿಯನ್ನು ತಳದಿಂದ ಮೇಲಕ್ಕೆ ಸಣ್ಣ ಸುತ್ತುಗಳಲ್ಲಿ ಆಡಿಸುತ್ತಾರೆ. ಬಳೆಯ ಬದಿಗೆ ಮೆಲ್ಲಗೆ ಎರಡು ತಟ್ಟು. ಗೋಡೆಗೆ ಅಂಟಿದ ಪುಡಿ ಒಳಗೆ ಉದುರುತ್ತದೆ. ಬಳೆಯನ್ನು ನೇರ ಮೇಲಕ್ಕೆ ಎತ್ತಿದರೆ ಕೆಳಗೆ ಕೆದರಿ ಹದ ಮಾಡಿದ ಮಡಿಯಂತೆ ಮಟ್ಟಸವಾದ ಪುಡಿ, ಸುತ್ತ ಹೊಳೆಯುವ ಉಕ್ಕಿನ ಅಂಚು. ಟ್ಯಾಂಪರ್ ಇಳಿಯುತ್ತದೆ, ಪೋರ್ಟಾಫಿಲ್ಟರ್ ಯಂತ್ರಕ್ಕೆ ಸೇರಿ ಬಿಗಿಯಾಗುತ್ತದೆ, ಒರೆಸುವ ಬಟ್ಟೆ ತನ್ನ ಮೊಳೆಯ ಮೇಲೆಯೇ ಒಣಗುತ್ತಿರುತ್ತದೆ.