ಜಾಲತಾಣದ ಲೆಡ್ಜರು: ಲ್ಯಾಪ್‌ಟಾಪಿನಿಂದ ಸರ್ವರಿಗೆ ಸಾಗಿಸುವಾಗ ವಹಿಸಬೇಕಾದ ಎಚ್ಚರ



ಕಳೆದ ಮುಂಗಾರಿಗೆ ಮುನ್ನ ನಮ್ಮ ಸಂಘದ ಜಾಲತಾಣದಲ್ಲಿ ಮೈಲುತುತ್ತಕ್ಕೆ ಬೇಡಿಕೆ ನಮೂದಿಸಿದ್ದ ಕೆಲವು ಸದಸ್ಯರ ಹೆಸರುಗಳು ಒಂದೇ ರಾತ್ರಿಯಲ್ಲಿ ಅಳಿಸಿಹೋದವು. ಅವರು ಡಿಪೋಗೆ ಬಂದಾಗ ಪಟ್ಟಿಯಲ್ಲಿ ಹೆಸರಿರಲಿಲ್ಲ. ಕೊಳೆರೋಗಕ್ಕೆ ಮೊದಲ ಸಿಂಪರಣೆ ಮಳೆ ಹಿಡಿಯುವ ಮೊದಲೇ ಆಗಬೇಕೆಂಬುದನ್ನು ಅಡಿಕೆ ಬೆಳೆಗಾರರಿಗೆ ಹೇಳಿಕೊಡಬೇಕಾಗಿಲ್ಲ. ದೂರವಾಣಿಯಲ್ಲಿ ವಿಚಾರಿಸಿ ಪಟ್ಟಿಯನ್ನು ಪುನಃ ಬರೆದೆವು. ಆದರೂ ಮೂವರಿಗೆ ಸಕಾಲಕ್ಕೆ ಮೈಲುತುತ್ತ ತಲುಪಲಿಲ್ಲ. ಅವರ ಕ್ಷಮೆ ಕೋರುತ್ತೇವೆ.

ಕಂಪ್ಯೂಟರನ್ನು ದೂರಿ ಫಲವಿಲ್ಲ, ತಪ್ಪು ನಮ್ಮದೇ. ಅದು ಹೇಗಾಯಿತು, ಮುಂದೆ ಆಗದಂತೆ ಏನು ಮಾಡಬೇಕು ಎಂಬುದನ್ನು ಇಲ್ಲಿ ವಿವರಿಸಿದ್ದೇವೆ. ಕಾಳುಮೆಣಸು, ಕಾಫಿಪುಡಿಗಳನ್ನು ಸ್ವಂತ ಜಾಲತಾಣದ ಮೂಲಕ ಮಾರುತ್ತಿರುವ ಸದಸ್ಯರಿಗೂ ಇದು ಉಪಯೋಗವಾದೀತು.

ಜಾಲತಾಣದ ಎರಡು ಭಾಗಗಳು

ಪುಟಗಳ ರೂಪ, ಬಣ್ಣ, ಲೆಕ್ಕ ಹಾಕುವ ಕ್ರಮ ಇವೆಲ್ಲ ಪ್ರೋಗ್ರಾಮಿನ ಕಡತಗಳಲ್ಲಿರುತ್ತವೆ. ಧಾರಣೆ, ಪ್ರಕಟಣೆ, ಸದಸ್ಯರ ಹೆಸರು, ಬೇಡಿಕೆ, ಪಾವತಿ ಇವೆಲ್ಲ ಡೇಟಾಬೇಸಿನಲ್ಲಿರುತ್ತವೆ. ಮೊದಲನೆಯದು ಸಂಘದ ಕಟ್ಟಡ, ತಕ್ಕಡಿಗಳಿದ್ದಂತೆ. ಎರಡನೆಯದು ಲೆಡ್ಜರು ಇದ್ದಂತೆ. 2003ರಲ್ಲಿ ಹೊರಬಂದ ವರ್ಡ್‌ಪ್ರೆಸ್ ಎಂಬ ಪ್ರೋಗ್ರಾಮನ್ನು ಅನೇಕ ಸಣ್ಣ ಸಂಸ್ಥೆಗಳಂತೆ ನಾವೂ ಬಳಸುತ್ತಿದ್ದೇವೆ. ಮೈಎಸ್‌ಕ್ಯೂಎಲ್ ಅಥವಾ ಮರಿಯಾಡಿಬಿ ಎಂಬುದು ಅದರ ಲೆಡ್ಜರು. ಛಾಯಾಚಿತ್ರಗಳು ಈ ಲೆಡ್ಜರಿನೊಳಗೆ ಇರುವುದಿಲ್ಲ. ಅವು ಬೇರೆ ಕಡತಗಳು. ಲೆಡ್ಜರಿನಲ್ಲಿ ಅವುಗಳ ವಿವರ ಮಾತ್ರ ಇರುತ್ತದೆ. ಆದ್ದರಿಂದ ಲೆಡ್ಜರನ್ನಷ್ಟೇ ಸಾಗಿಸಿದರೆ ಬರಹ ಬಂದು ಚಿತ್ರ ಬಾರದು.

ಹೊಸ ಪುಟ ಮಾಡುವವರು ಮೊದಲು ಜಾಲತಾಣದ ಒಂದು ಪ್ರತಿಯನ್ನು ತಮ್ಮ ಲ್ಯಾಪ್‌ಟಾಪಿನಲ್ಲಿಟ್ಟು ಅಲ್ಲಿ ಪರೀಕ್ಷಿಸುತ್ತಾರೆ. ಇದು ನರ್ಸರಿಯಲ್ಲಿ ಸಸಿ ಮಾಡಿದಂತೆ; ಕ್ರಮ ಸರಿಯಾದದ್ದೇ. ಸರಿಯೆನಿಸಿದ ಮೇಲೆ ಅದನ್ನು ಎಲ್ಲರೂ ನೋಡುವ ಸರ್ವರಿಗೆ ಸಾಗಿಸುತ್ತಾರೆ. ಎಡವುವುದು ಇಲ್ಲಿಯೇ.

ತಪ್ಪಾದದ್ದು ಎಲ್ಲಿ?

ನಮ್ಮ ಕೆಲಸಗಾರರು ಸೋಮವಾರ ಸರ್ವರಿನಿಂದ ಪ್ರತಿ ಇಳಿಸಿಕೊಂಡರು. ಲ್ಯಾಪ್‌ಟಾಪಿನಲ್ಲಿ ಹೊಸ ಧಾರಣೆ ಪುಟ ಮಾಡಿದರು. ಗುರುವಾರ ರಾತ್ರಿ ಪುಟದೊಂದಿಗೆ ಇಡೀ ಡೇಟಾಬೇಸನ್ನೂ ಸರ್ವರಿಗೆ ಏರಿಸಿದರು. ಪ್ರತಿ ತೆಗೆಯಲು ಬಳಸುವ ಮೈಎಸ್‌ಕ್ಯೂಎಲ್‌ಡಂಪ್ ಎಂಬ ಸಾಧನವು, ನಾವು ಬೇಡವೆನ್ನದ ಹೊರತು, ಪ್ರತಿಯೊಂದು ಪಟ್ಟಿಗೂ ಮೊದಲು ‘ಇದೇ ಹೆಸರಿನ ಹಳೆಯ ಪಟ್ಟಿಯಿದ್ದರೆ ಅಳಿಸು’ ಎಂಬ ಆಜ್ಞೆಯನ್ನು ಬರೆದಿಡುತ್ತದೆ. ಸರ್ವರು ಆ ಆಜ್ಞೆಯನ್ನು ಪಾಲಿಸಿತು. ಸೋಮವಾರದಿಂದ ಗುರುವಾರದವರೆಗೆ ಸದಸ್ಯರು ನಮೂದಿಸಿದ್ದೆಲ್ಲ ಹೋಗಿ ಸೋಮವಾರದ ಲೆಡ್ಜರು ಕುಳಿತುಕೊಂಡಿತು. ಸಸಿ ನೆಡಲು ಹೋಗಿ ಫಸಲಿನ ಮರ ಕಡಿದಂತಾಯಿತು.

ಮುಖ್ಯ ನಿಯಮ

ಇದರಿಂದ ನಾವು ಕಲಿತ ನಿಯಮ ಒಂದೇ: ಪ್ರೋಗ್ರಾಮು ಲ್ಯಾಪ್‌ಟಾಪಿನಿಂದ ಸರ್ವರಿಗೆ ಏರಬೇಕು, ಲೆಡ್ಜರು ಸರ್ವರಿನಿಂದ ಲ್ಯಾಪ್‌ಟಾಪಿಗೆ ಇಳಿಯಬೇಕು. ಜಾಲತಾಣ ಇನ್ನೂ ತೆರೆಯದಿದ್ದಾಗ, ಮೊದಲ ಬಾರಿಗೆ ಮಾತ್ರ, ಇಡೀ ಡೇಟಾಬೇಸನ್ನು ಏರಿಸಬಹುದು. ಒಬ್ಬ ಸದಸ್ಯರು ಒಂದು ಸಾಲು ಬರೆದ ಮೇಲೆ ಸರ್ವರಿನಲ್ಲಿರುವುದೇ ಮೂಲ ಲೆಡ್ಜರು. ಲ್ಯಾಪ್‌ಟಾಪಿನದು ಬರಿಯ ನಕಲು. ಪಟ್ಟಿಯಲ್ಲಿ ಹೊಸ ಕಲಂ ಬೇಕಾದರೆ ‘ಈ ಕಲಂ ಸೇರಿಸು’ ಎಂಬ ಆಜ್ಞೆಯನ್ನಷ್ಟೇ ಬರೆದು, ನಕಲಿನ ಮೇಲೆ ಪರೀಕ್ಷಿಸಿ, ಬಳಿಕ ಸರ್ವರಿನಲ್ಲಿ ನಡೆಸತಕ್ಕದ್ದು. ಹೊಸ ಪ್ರಕಟಣೆಯನ್ನು ಸರ್ವರಿನಲ್ಲಿಯೇ ನೇರವಾಗಿ ಬರೆಯುವುದು ಒಳ್ಳೆಯದು.

ವಿಳಾಸ ಮತ್ತು ಲಿಪಿ

ಮೊದಲ ಬಾರಿ ಸಾಗಿಸುವಾಗ ಇನ್ನೆರಡು ತೊಡಕುಗಳಿವೆ. ಒಂದನೆಯದು ವಿಳಾಸ. ವರ್ಡ್‌ಪ್ರೆಸ್ ತನ್ನ ವಿಳಾಸವನ್ನು ಡೇಟಾಬೇಸಿನಲ್ಲೇ ಬರೆದಿಟ್ಟುಕೊಳ್ಳುತ್ತದೆ. ಲ್ಯಾಪ್‌ಟಾಪಿನ ವಿಳಾಸ ಹಾಗೆಯೇ ಉಳಿದರೆ ಸದಸ್ಯರಿಗೆ ಪುಟ ತೆರೆಯದು. ಆದರೆ ಕಡತ ತೆರೆದು ಹಳೆಯ ವಿಳಾಸ ಹುಡುಕಿ ಹೊಸತನ್ನು ಬರೆಯುವುದೂ ಅಪಾಯ. ಕೆಲವು ವಿವರಗಳ ಜೊತೆಗೆ ಅವುಗಳ ಉದ್ದವೂ ಅಂಕಿಯಲ್ಲಿ ದಾಖಲಾಗಿರುತ್ತದೆ. ವಿಳಾಸದ ಉದ್ದ ಬದಲಾಗಿ ಅಂಕಿ ಬದಲಾಗದಿದ್ದರೆ ಆ ವಿವರವನ್ನು ಪ್ರೋಗ್ರಾಮು ಓದಲಾರದು. ಇದಕ್ಕಾಗಿಯೇ ಇರುವ ಡಬ್ಲ್ಯುಪಿ-ಸಿಎಲ್‌ಐ ಎಂಬ ಸಾಧನ ಎರಡನ್ನೂ ಸರಿಪಡಿಸುತ್ತದೆ. ಏನೇನು ಬದಲಾಗುವುದೆಂದು ಮುಂಚೆಯೇ ತೋರಿಸುವ ವ್ಯವಸ್ಥೆಯೂ ಅದರಲ್ಲಿದೆ.

ಎರಡನೆಯದು ಕನ್ನಡ ಲಿಪಿ. ಯುಟಿಎಫ್-8 ಪದ್ಧತಿಯಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ 1 ಬೈಟ್ ಸಾಕು. ಕನ್ನಡದ ಒಂದೊಂದು ಅಕ್ಷರಕ್ಕೂ ಸ್ವರಚಿಹ್ನೆಗೂ 3 ಬೈಟ್ ಬೇಕು. ‘ಅಡಿಕೆ’ ಎಂದು ಬರೆದರೆ ಚಿಹ್ನೆಗಳೂ ಸೇರಿ 5 ಘಟಕ, 15 ಬೈಟ್. ಕಳಿಸುವ ಯಂತ್ರ, ಪಡೆಯುವ ಯಂತ್ರ ಮತ್ತು ನಡುವಿನ ಸಂಪರ್ಕ ಒಂದೇ ಪದ್ಧತಿಯಲ್ಲಿರದಿದ್ದರೆ ಸದಸ್ಯರ ಹೆಸರಿನ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳು ಕಾಣುತ್ತವೆ. ಹಾಗೆಯೇ ದಾಖಲಾಗಿಬಿಟ್ಟರೆ ಆ ಹೆಸರನ್ನು ಅದರಿಂದ ಮರಳಿ ಪಡೆಯಲಾಗದು. ಎಲ್ಲ ಕಡೆಯೂ ‘ಯುಟಿಎಫ್8ಎಂಬಿ4’ ಎಂದಿರುವುದನ್ನು ನೋಡಿಕೊಂಡು, ನಾಲ್ಕಾರು ಕನ್ನಡ ಹೆಸರುಗಳನ್ನು ಮೊದಲು ಸಾಗಿಸಿ ಪರೀಕ್ಷಿಸಬೇಕು.

ದೊಡ್ಡವರೂ ಎಡವಿದ್ದಾರೆ

ಸಾಫ್ಟ್‌ವೇರ್ ಬರೆಯುವವರ ಕಡತಗಳನ್ನು ಕಾಯ್ದಿಡುವ ಗಿಟ್‌ಲ್ಯಾಬ್ ಸಂಸ್ಥೆಯಲ್ಲಿ 2017ರ ಜನವರಿ 31ರಂದು ಒಬ್ಬ ಎಂಜಿನಿಯರು ಎರಡನೆಯ ಸರ್ವರಿನಲ್ಲಿ ಕೊಡಬೇಕಾದ ಅಳಿಸುವ ಆಜ್ಞೆಯನ್ನು ಮುಖ್ಯ ಸರ್ವರಿನಲ್ಲಿ ಕೊಟ್ಟುಬಿಟ್ಟರು. ತಪ್ಪು ತಿಳಿದು ನಿಲ್ಲಿಸುವಷ್ಟರಲ್ಲಿ ಸುಮಾರು 300 ಗಿಗಾಬೈಟ್ ಹೋಗಿತ್ತು. ದಿನವೂ ಆಗುತ್ತಿದೆಯೆಂದು ನಂಬಿದ್ದ ಬ್ಯಾಕಪ್ಪನ್ನು ತೆರೆದು ನೋಡಿದರೆ ಅಲ್ಲಿ ಏನೂ ಇರಲಿಲ್ಲ. ಕೊನೆಗೆ ಅವರನ್ನು ಉಳಿಸಿದ್ದು, ಪರೀಕ್ಷೆಗೆಂದು ಸುಮಾರು 6 ಗಂಟೆ ಮೊದಲು ಮುಖ್ಯ ಸರ್ವರಿನಿಂದ ಇಳಿಸಿಕೊಂಡಿದ್ದ ನಕಲು. ಆ 6 ಗಂಟೆಗಳ ದಾಖಲೆ ಮಾತ್ರ ಮರಳಲಿಲ್ಲ. ಆ ಸಂಸ್ಥೆ ಇದನ್ನೆಲ್ಲ ಮುಚ್ಚಿಡದೆ ತಾನೇ ಪ್ರಕಟಿಸಿತು. ಬ್ಯಾಕಪ್ ಇದೆಯೆಂಬ ನಂಬಿಕೆ ಸಾಲದು. ಅದರಿಂದ ಲೆಡ್ಜರನ್ನು ಒಮ್ಮೆ ಮರಳಿ ಕಟ್ಟಿ ನೋಡಿರಬೇಕೆಂಬುದು ಇದರ ಪಾಠ.

ಸಂಘ ಕೈಗೊಂಡ ಕ್ರಮಗಳು

1. ಸರ್ವರಿಗೆ ಏನನ್ನೇ ಏರಿಸುವ ಮುನ್ನ ಅದರ ಡೇಟಾಬೇಸು, ಚಿತ್ರಗಳು ಎರಡರ ಪ್ರತಿಯನ್ನೂ ತೆಗೆದು ಬೇರೆ ಜಾಗದಲ್ಲಿಡಲಾಗುವುದು.

2. ತಿಂಗಳಿಗೊಮ್ಮೆ ಆ ಪ್ರತಿಯಿಂದ ಬೇರೊಂದು ಯಂತ್ರದಲ್ಲಿ ಜಾಲತಾಣವನ್ನು ಮರಳಿ ಕಟ್ಟಿ, ಸದಸ್ಯರ ಸಂಖ್ಯೆ ಮತ್ತು ಬೇಡಿಕೆಗಳ ಮೊತ್ತ ತಾಳೆ ನೋಡಲಾಗುವುದು.

3. ಮೈಲುತುತ್ತದ ಬೇಡಿಕೆಯ ಕಾಲದಲ್ಲಿಯೂ ಅಡಿಕೆ, ಕಾಫಿ ಖರೀದಿಯ ದಿನಗಳಲ್ಲಿಯೂ ಜಾಲತಾಣದಲ್ಲಿ ಬದಲಾವಣೆ ಮಾಡುವುದಿಲ್ಲ.

4. ಲ್ಯಾಪ್‌ಟಾಪಿಗೆ ಇಳಿಸುವ ನಕಲಿನಲ್ಲಿ ಸದಸ್ಯರ ದೂರವಾಣಿ ಮತ್ತು ಬ್ಯಾಂಕ್ ಖಾತೆಯ ಸಂಖ್ಯೆಗಳನ್ನು ತೆಗೆದುಹಾಕಲಾಗುವುದು. ಸದಸ್ಯರ ಖಾಸಗಿ ವಿವರ ಊರೂರು ಸುತ್ತಬಾರದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಆಶಯವೂ ಇದೇ.

ಸದಸ್ಯರಲ್ಲಿ ನಮ್ಮದೊಂದು ಅರಿಕೆ. ಬೇಡಿಕೆ ನಮೂದಿಸಿದಾಗ ತೆರೆಯ ಮೇಲೆ ಬರುವ ಸ್ವೀಕೃತಿ ಸಂಖ್ಯೆಯನ್ನು ದಯವಿಟ್ಟು ಬರೆದಿಟ್ಟುಕೊಳ್ಳಿ. ಕಳೆದ ವರ್ಷ ಹಾಗೆ ಬರೆದಿಟ್ಟುಕೊಂಡಿದ್ದವರ ಬೇಡಿಕೆಯನ್ನು ನಾವು ಮೊದಲು ಸರಿಪಡಿಸಲು ಸಾಧ್ಯವಾಯಿತು. ಅಡಿಕೆ ತೂಗಿಸಿದ ಚೀಟಿಯನ್ನು ಯಾರೂ ಅಂಗಳದಲ್ಲಿ ಬಿಟ್ಟುಹೋಗುವುದಿಲ್ಲ. ಇದೂ ಅಂಥದೇ ಚೀಟಿಯೆಂದು ತಿಳಿಯಬೇಕಾಗಿ ಕೋರುತ್ತೇವೆ.