6,450 ಕಿಲೋ 650 ಆಗಿದ್ದು ಹೇಗೆ?

ವಾಣಿಜ್ಯ ವಿಭಾಗದವನಿಗೆ ಸೀರಿಯಲ್ ಪೋರ್ಟ್ ಉಸಾಬರಿ ಯಾಕೆ ಅಂತ ವಿಜ್ಞಾನ ವಿಭಾಗದ ಗೆಳೆಯರು ಕೇಳಬಹುದು. ದಸರಾ ರಜೆಯಲ್ಲಿ ನಾನು ಮಾಡಿದ ಒಂದು ತಪ್ಪೇ ಅದಕ್ಕೆ ಕಾರಣ.

ನನ್ನ ಮಾಮು ಹ್ಯಾಂಡ್‌ಪೋಸ್ಟ್ ಹತ್ತಿರ ಮುಸುಕಿನ ಜೋಳ, ಹತ್ತಿ ಖರೀದಿಸುತ್ತಾರೆ. ಅಂಗಳದಲ್ಲಿ ಒಂದು ವೇಬ್ರಿಡ್ಜ್ ಇದೆ, ಮನೆಯಲ್ಲಿ ನಾವು ಅದನ್ನು ಕಾಂಟಾ ಎನ್ನುತ್ತೇವೆ. ಅದರ ಪಕ್ಕದ ಗೂಡಿನಲ್ಲಿ ತೂಕ ತೋರಿಸುವ ಇಂಡಿಕೇಟರ್, ಅದರ ಬೆನ್ನಿಗೆ ಒಂಬತ್ತು ಪಿನ್ನಿನ ಸೀರಿಯಲ್ ಪೋರ್ಟ್. ಆರ್‌ಎಸ್-232 ಎಂಬ ಈ ಪದ್ಧತಿ ಬಂದದ್ದು 1960ರಲ್ಲಿ. ಇಷ್ಟು ಹಳೆಯದಾದರೂ ತಕ್ಕಡಿ, ಡೇರಿಯ ಹಾಲು ಪರೀಕ್ಷೆ ಯಂತ್ರ, ಬಿಲ್ ಪ್ರಿಂಟರ್ ಎಲ್ಲದರಲ್ಲೂ ಈಗಲೂ ಸಿಗುತ್ತದೆ. ತೊಂದರೆ ಏನೆಂದರೆ ಇದರ ತಂತಿ ಸುಮಾರು 15 ಮೀಟರ್ ದಾಟಿದರೆ ನಂಬುವಂತಿಲ್ಲ. ಮಾಮು ಕಂಪ್ಯೂಟರನ್ನು ಗೂಡಿನಿಂದ ಅರವತ್ತು ಮೀಟರ್ ಆಚೆಯ ಅಂಗಡಿಗೆ ಸಾಗಿಸಿದ್ದರು.

ಇದಕ್ಕೆ ಅಂಗೈಯಗಲದ ಒಂದು ಪೆಟ್ಟಿಗೆ ಬರುತ್ತದೆ. ಒಂದು ಕಡೆ ಸೀರಿಯಲ್ ತಂತಿ, ಇನ್ನೊಂದು ಕಡೆ ನೆಟ್‌ವರ್ಕ್ ತಂತಿ. ಬ್ರೌಸರಿನಲ್ಲಿ ಅದರ ಪುಟ ತೆರೆದು, ಬದಲಾಗದ ಒಂದು ಐಪಿ ವಿಳಾಸ ಕೊಡಬೇಕು. ನಾನು 192.168.1.50 ಕೊಟ್ಟೆ. ಆಮೇಲೆ ಟಿಸಿಪಿ ಸರ್ವರ್ ಎಂದು ಆರಿಸಿ ಪೋರ್ಟ್ ಸಂಖ್ಯೆ ಕೊಡಬೇಕು, ನನ್ನದು 4001. ವಿಳಾಸ ಅಂದರೆ ಬೀದಿ, ಪೋರ್ಟ್ ಅಂದರೆ ಮನೆಯ ಬಾಗಿಲು ಅಂದುಕೊಳ್ಳಿ. ಅಂಗಡಿಯ ಕಂಪ್ಯೂಟರಿನಲ್ಲಿ ಒಂದು ಚಿಕ್ಕ ತಂತ್ರಾಂಶ ಹಾಕಿದರೆ ಕಾಮ್ 5 ಎಂಬ ಹುಸಿ ಸೀರಿಯಲ್ ಪೋರ್ಟ್ ಹುಟ್ಟುತ್ತದೆ. ತೂಕದ ಸಾಫ್ಟ್‌ವೇರ್ ಅದನ್ನೇ ನಿಜವೆಂದು ನಂಬಿ ಓದುತ್ತದೆ.

ಉಳಿದದ್ದು ನಾಲ್ಕು ಸೆಟ್ಟಿಂಗ್: ವೇಗ, ಡೇಟಾ ಬಿಟ್, ಪ್ಯಾರಿಟಿ, ಸ್ಟಾಪ್ ಬಿಟ್. ಇವು ಇಂಡಿಕೇಟರಿನಲ್ಲಿ ಇದ್ದ ಹಾಗೆಯೇ ಪೆಟ್ಟಿಗೆಯಲ್ಲೂ ಇರಬೇಕು. ವೇಗ 9600 ಎಂದು ನೋಡಿಕೊಂಡೆ. ಉಳಿದವನ್ನು ಪೆಟ್ಟಿಗೆಯಲ್ಲಿ ಮೊದಲೇ ಇದ್ದಂತೆ ಬಿಟ್ಟೆ: ಎಂಟು ಬಿಟ್, ಪ್ಯಾರಿಟಿ ಇಲ್ಲ. ಖಾಲಿ ಕಾಂಟಾ 0 ತೋರಿಸಿತು. ಖಾಲಿ ಟ್ರ್ಯಾಕ್ಟರ್ ಹತ್ತಿಸಿದೆವು, ಅಲ್ಲೂ 3,560, ಇಲ್ಲೂ 3,560. ಮಾಮು ಬೆನ್ನು ತಟ್ಟಿದರು.

ಅದೇ ಟ್ರ್ಯಾಕ್ಟರ್ ಮಧ್ಯಾಹ್ನ ಜೋಳ ತುಂಬಿಕೊಂಡು ಬಂತು. ಗೂಡಿನಲ್ಲಿ 6,450, ಚೀಟಿಯಲ್ಲಿ 650. ನಿವ್ವಳ ತೂಕ ಮೈನಸ್ 2,910 ಕಿಲೋ! ರೈತರು ಚೀಟಿ ತಿರುಗಿಸಿ ತಿರುಗಿಸಿ ನೋಡಿದರು. “ಜೋಳ ತಂದೋನು ನಾನು, ನಾನೇ ನಿಮಗೆ ದುಡ್ಡು ಕೊಡ್ಬೇಕಾ ಸಾಬ್ರೆ?” ಎಲ್ಲರೂ ನಕ್ಕರು, ಮಾಮು ನಗಲಿಲ್ಲ.

ಆ 4 ಎಲ್ಲಿ ಹೋಯಿತು? ರಾತ್ರಿ ಇಂಡಿಕೇಟರಿನ ಕೈಪಿಡಿ ತೆಗೆದು ನೋಡಿದಾಗ ಗೊತ್ತಾಯಿತು. ಅದು ಏಳೇ ಬಿಟ್ ಕಳಿಸಿ, ಎಂಟನೆಯದನ್ನು ತಾಳೆ ನೋಡಲು ಇಟ್ಟುಕೊಂಡಿತ್ತು. ಇದೇ ಈವನ್ ಪ್ಯಾರಿಟಿ: ಒಟ್ಟು 1ಗಳ ಸಂಖ್ಯೆ ಸಮಸಂಖ್ಯೆಯಾಗಿರಬೇಕು. 6 ಎಂಬ ಅಂಕಿಯ ರೂಪ 0110110, ಅದರಲ್ಲಿ ನಾಲ್ಕು 1 ಇವೆ, ಹಾಗಾಗಿ ಎಂಟನೆಯದು 0. 4ರ ರೂಪ 0110100, ಮೂರೇ 1, ಹಾಗಾಗಿ ಎಂಟನೆಯದು 1. ನನ್ನ ಪೆಟ್ಟಿಗೆ ಆ ತಾಳೆ ಬಿಟ್ಟನ್ನೂ ಅಕ್ಷರದ ಭಾಗವೆಂದೇ ಓದಿತು. 6 ಆರಾಗಿಯೇ ಉಳಿಯಿತು, 4 ಬೇರೇನೋ ಚಿಹ್ನೆಯಾಯಿತು. ಅಂಕಿಯಲ್ಲದ್ದನ್ನೆಲ್ಲ ಸಾಫ್ಟ್‌ವೇರ್ ಸದ್ದಿಲ್ಲದೆ ಕಿತ್ತು ಹಾಕಿತು. ಕಾಗದದ ಮೇಲೆ ಹತ್ತೂ ಅಂಕಿ ಬರೆದು ನೋಡಿದೆ: 0, 3, 5, 6, 9 ಸರಿಯಾಗಿ ಬರುತ್ತವೆ, 1, 2, 4, 7, 8 ಮಾಯವಾಗುತ್ತವೆ. ನಾನು ಪರೀಕ್ಷೆಗೆ ಬಳಸಿದ್ದು 3,560! ನಮ್ಮ ಅದೃಷ್ಟಕ್ಕೆ ನಗಬೇಕೋ ಅಳಬೇಕೋ.

ಮೈನಸ್ ಬಂದದ್ದೇ ಒಳ್ಳೆಯದಾಯಿತು. ತುಂಬಿದ ಗಾಡಿ 6,650, ಖಾಲಿ ಗಾಡಿ 3,460 ಇದ್ದಿದ್ದರೆ? ಮೊದಲನೆಯದು ಸರಿಯಾಗಿ ಬಂದು, ಎರಡನೆಯದು 360 ಆಗಿ, ನಿವ್ವಳ 3,190ರ ಬದಲು 6,290 ಆಗುತ್ತಿತ್ತು. ಅವಸರದಲ್ಲಿ ಯಾರಿಗೂ ಅನುಮಾನ ಬಾರದೆ ಚೀಟಿ ಲೆಕ್ಕದ ಪುಸ್ತಕ ಸೇರುತ್ತಿತ್ತು.

ಪ್ಯಾರಿಟಿ ನಮ್ಮ ತಾಳೆಪಟ್ಟಿಯ ಹಾಗೆ. ತಪ್ಪಾಗಿದೆ ಎನ್ನುತ್ತದೆ, ಎಲ್ಲಿ ಎಂದು ಹೇಳುವುದಿಲ್ಲ. ಎರಡು ಬಿಟ್ ಒಟ್ಟಿಗೆ ಕೆಟ್ಟರೆ ಒಂದನ್ನೊಂದು ಸರಿದೂಗಿಸಿ ಅದರ ಕಣ್ಣಿಗೂ ಬೀಳುವುದಿಲ್ಲ. ಪೆಟ್ಟಿಗೆಯಲ್ಲಿ ಏಳು ಬಿಟ್, ಈವನ್ ಎಂದು ಬದಲಿಸಿದ ಮೇಲೂ ಇಡೀ ದಿನ ಗೂಡಿನ ತೂಕ, ಚೀಟಿಯ ತೂಕ ಎರಡನ್ನೂ ನೋಟ್‌ಬುಕ್ಕಿನಲ್ಲಿ ಎದುರುಬದುರು ಬರೆದೆ, ಹತ್ತೂ ಅಂಕಿ ಬರುವವರೆಗೆ.

ಮೈಸೂರಿನಲ್ಲಿ ಕೂತು ಮೊಬೈಲಿನಲ್ಲೇ ತೂಕ ನೋಡಬೇಕೆಂದು ಮಾಮುವಿಗೆ ಆಸೆ. ರೂಟರಿನಲ್ಲಿ 4001ನೇ ಬಾಗಿಲನ್ನು ಇಂಟರ್ನೆಟ್ಟಿಗೆ ತೆರೆದರೆ ಆಗುತ್ತದೆ. ಆದರೆ ಈ ಬಾಗಿಲಿಗೆ ಬೀಗವಿಲ್ಲ. ಬಂದವರು ಯಾರೆಂದು ಕೇಳುವುದಿಲ್ಲ, ಹೋಗುವ ಮಾಹಿತಿಯೂ ಬಟಾಬಯಲು. 2015ರ ಡಿಸೆಂಬರ್ 23ರಂದು ಉಕ್ರೇನಿನ ವಿದ್ಯುತ್ ಕಂಪನಿಗಳ ನೆಟ್‌ವರ್ಕಿಗೆ ನುಗ್ಗಿದವರು ಸುಮಾರು 2,25,000 ಗ್ರಾಹಕರ ಕರೆಂಟ್ ತೆಗೆದರು. ಜೊತೆಗೆ ಸಬ್‌ಸ್ಟೇಷನ್ನುಗಳಲ್ಲಿದ್ದ ಇಂಥದೇ ಪೆಟ್ಟಿಗೆಗಳ ಒಳಗಿನ ಪ್ರೋಗ್ರಾಂ ಕೆಡಿಸಿಟ್ಟರು. ದೂರದಿಂದ ಸ್ವಿಚ್ ಹಾಕಲಾಗದೆ ಸಿಬ್ಬಂದಿ ಅಲ್ಲಿಗೇ ಹೋಗಿ ಕೈಯಿಂದ ಹಾಕಬೇಕಾಯಿತು. ದೂರದಿಂದ ನೋಡಲೇಬೇಕಾದರೆ ವಿಪಿಎನ್ ಹಾಕಿಕೊಂಡು ಅದರೊಳಗಿಂದ ಬರಬೇಕು. ಪೆಟ್ಟಿಗೆಯ ಜೊತೆ ಬಂದ ಪಾಸ್‌ವರ್ಡನ್ನು ಮೊದಲ ದಿನವೇ ಬದಲಿಸಬೇಕು.

ಪಾಸ್‌ವರ್ಡ್ ಬದಲಿಸಿದ್ದೇನೆ. ವಿಪಿಎನ್ ಕಲಿಯುವುದು ಇನ್ನೂ ಬಾಕಿ. ಅಲ್ಲಿಯವರೆಗೆ ಮಾಮು ಮೈಸೂರಿನಿಂದ ಫೋನ್ ಮಾಡುತ್ತಾರೆ, “ಬೇಟಾ, ಕಿತನಾ ಹೈ?” ರಜೆಯಿದ್ದರೆ ಗೂಡಿನವರೆಗೆ ನಡೆದು, ಇಂಡಿಕೇಟರ್ ನೋಡಿ ಹೇಳುತ್ತೇನೆ.